ಮೊದಲು ಸಿಳ್ಳೆ, ಆಮೇಲೆ ಗಂಟೆ

ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಕಲಿಸಿದಳು. ಅದಕ್ಕೆ ಅವಳ ಫಜೀತಿಯನ್ನೇ ಮೊದಲು ಬರೆಯುತ್ತಿದ್ದೇನೆ.

ನಮ್ಮ ದೊಡ್ಡಉಳ್ಳಾರ್ತಿಯ ಮೇವಿನ ಕಾವಲಿನ ಪಕ್ಕದ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಕೆಲಸ. ಎಣ್ಣೆಯಂಥ ದ್ರವ ತುಂಬಿದ ತೊಟ್ಟಿಯೊಳಗೆ ಕಣ್ಣಿಗೆ ಕಾಣದ ಕಣ ನುಗ್ಗಿದರೆ ಬೆಳಕು ಹುಟ್ಟುತ್ತದಂತೆ. ಅದನ್ನು ನೋಡುವುದೇ ಉದ್ಯೋಗ. ಈ ಕೆಲಸದ ಬಗ್ಗೆ ಸೋಮವಾರ ಊರಿನ ಶಾಲೆಯ ಮಕ್ಕಳಿಗೆ ಹೇಳಬೇಕಿತ್ತು. ಹಿಂದಿನ ಸಲ ಅರ್ಧ ಇಂಗ್ಲಿಷಿನಲ್ಲಿ ಹೇಳಿ, ಮಕ್ಕಳು ಆಕಳಿಸಿ, ಇವಳು ಅಳುತ್ತಾ ಮನೆಗೆ ಬಂದಿದ್ದಳು.

"ಎರಡು ತರ ಬೆಳಕು ಬರ್ತೈತೆ ಅಜ್ಜಿ. ಒಂದು ಥಟ್ ಅಂತ ಮೊದ್ಲು ಬರ್ತೈತೆ, ಕಣ ಯಾವ ಕಡೆ ಓಡ್ತು ಅಂತ ಹೇಳ್ತೈತೆ. ಇನ್ನೊಂದು ಒಂಚೂರು ತಡ, ಎಲ್ಲಾ ಕಡೆ ಚೆಲ್ಲಿಕೊಂತೈತೆ. ಅದೇ ಜಾಸ್ತಿ, ಕಣಕ್ಕೆ ಎಷ್ಟು ಶಕ್ತಿ ಐತೆ ಅಂತ ಹೇಳ್ತೈತೆ. ಅದ್ರಾಗೆ ಮೊದಲ್ನೇದು ಮುಚ್ಚೋಗ್ತೈತೆ. ಬೇರೆ ಮಾಡೋದೇ ನನ್ ಕೆಲ್ಸ."

"ನಿಮ್ಮ ತಾತ ಮನೆಗೆ ಬಂದಂಗೆ" ಅಂದೆ.

ಅವಳ ತಾತ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದರು. ಸಂಜೆ ಮೊದಲು ಅವರ ಸಿಳ್ಳೆ ಕೇಳುತ್ತಿತ್ತು, ಒಂದೇ ಸಲ. ಯಾವ ದಾರಿಯಲ್ಲಿ ಬರುತ್ತಿದ್ದಾರೆಂದು ಅದರಲ್ಲೇ ಗೊತ್ತಾಗುತ್ತಿತ್ತು. ಹಿಂದೆಯೇ ಗಂಟೆಗಳ ಸದ್ದು, ಕುರಿಗಳ ಅರಚಾಟ ಊರೆಲ್ಲ ತುಂಬುತ್ತಿತ್ತು. ಮಂದೆ ಎಷ್ಟು ದೊಡ್ಡದೆಂದು ಅದು ಹೇಳುತ್ತಿತ್ತೇ ಹೊರತು ದಿಕ್ಕು ಹೇಳುತ್ತಿರಲಿಲ್ಲ. ಹೊಸ ಸೊಸೆಯಾದ ನಾನು ಸಿಳ್ಳೆ ಕೇಳಿದ ಕೂಡಲೇ ನೀರಿಗೆಂದು ಕೊಡ ಎತ್ತಿಕೊಂಡು ಆ ದಾರಿಯಲ್ಲೇ ಎದುರಾಗುತ್ತಿದ್ದೆ.

"ನೀರು ಅತ್ಲಾಗೆ ಇಲ್ಲ ಕಣೇ!" ಎಂದು ಅತ್ತೆ ಕೂಗುತ್ತಿದ್ದರು.

"ಸಿಳ್ಳೆಯಿಂದ ದಿಕ್ಕು, ಗಂಟೆಯಿಂದ ಎಷ್ಟು ಅನ್ನೋದು" ಎಂದ ಮೊಮ್ಮಗಳು ಎದ್ದು ನಿಂತಳು. "ಇದನ್ನೇ ಹೇಳ್ತೀನಜ್ಜಿ!"

ಸೋಮವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಅವಳು ತಾತನ ಕಥೆ ಶುರು ಮಾಡಿ, ಬಾಯಿಗೆ ಬೆರಳಿಟ್ಟು ಊದಿದಳು. ಬರೀ ಗಾಳಿ. ಮಕ್ಕಳು ಕಿಸಕ್ಕೆಂದರು. ಅವಳ ಕಣ್ಣು ತುಂಬುವುದು ನನಗೆ ಅಲ್ಲಿಂದಲೇ ಕಂಡಿತು. ಸೆರಗು ಸಿಕ್ಕಿಸಿಕೊಂಡು, ಎರಡು ಬೆರಳಿಟ್ಟು ಒಂದು ಸಿಳ್ಳೆ ಹಾಕಿದೆ ನೋಡಿ! ಇಡೀ ತರಗತಿ ಒಮ್ಮೆಗೇ ನನ್ನತ್ತ ತಿರುಗಿತು.

"ಈಗ ಎಲ್ರೂ ಕುರಿ ತರ ಅರಚ್ರಿ!" ಅಂದಳು ಮೊಮ್ಮಗಳು. ಆ ಗದ್ದಲದಲ್ಲಿ ನಾನು ಮತ್ತೆ ಸಿಳ್ಳೆ ಹಾಕಿದೆ. ಒಬ್ಬರೂ ತಿರುಗಲಿಲ್ಲ.

"ನೋಡಿದ್ರಾ? ಅದಕ್ಕೇ ಮೊದ್ಲು ಬಂದಿದ್ದನ್ನ ಹಿಡಿಬೇಕು."

"ಮಿಸ್, ಹಂಗಾರೆ ಬೆಳಕೂ ಸಿಳ್ಳೆ ಹೊಡಿತೈತಾ?" ಎಂದಳು ಮುಂದಿನ ಸಾಲಿನ ಹುಡುಗಿ. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ.

ಮನೆಗೆ ಬರುವಾಗ ಕಾವಲಿನ ಕಡೆ ನೋಡಿದೆ. ಈಗ ಅಲ್ಲಿ ಉದ್ದಕ್ಕೂ ಸಂಶೋಧನಾ ಕೇಂದ್ರದ ಗೋಡೆ.

"ಸಿಳ್ಳೆ ಯಾರು ಕಲ್ಸಿದ್ದಜ್ಜಿ?" ಎಂದಳು.

"ನೀರಿಗೆ ಹೋದಾಗ ಕಲ್ತಿದ್ದು" ಅಂದೆ.