ಕಿರ್ ಎನ್ನದ ಬಾಗಿಲುಗಳ ಬಡಗಿ

ಈ ಬಡಗಿಯನ್ನು ಊರವರೆಲ್ಲ ಮೌನಿ ಎಂದೇ ಕರೆಯುವುದು. ಹಾಗಂತ ಆತ ಮಾತಿಗೆ ಕಡಿಮೆಯೇನಲ್ಲ; ಅವನು ಬಾಯಿ ತೆರೆದರೆ ಕೇಳುವವರ ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗಬೇಕು. ಮೌನ ಅವನ ಬಾಗಿಲುಗಳದ್ದು. ಮೂವತ್ತೆಂಟು ವರ್ಷದಲ್ಲಿ ತಾನು ಕೂರಿಸಿದ ಒಂದು ಬಾಗಿಲೂ ಕಿರ್ ಎಂದದ್ದಿಲ್ಲ ಎಂಬುದೇ ಅವನ ಜಂಭ, ಅವನ ಆಸ್ತಿ. ಪ್ರತಿ ಭಾನುವಾರ ಬೆಳಿಗ್ಗೆ ಬೀದಿಗಿಳಿದು, ತಾನು ಮಾಡಿದ ಬಾಗಿಲನ್ನೆಲ್ಲ ಒಂದೇ ಬೆರಳಿನಿಂದ ತಳ್ಳಿ, ಕಿವಿಗೊಟ್ಟು, "ಹ್ಞೂಂ" ಎಂದು ತಲೆದೂಗಿ ಮುಂದಿನ ಮನೆಗೆ ಹೋಗುತ್ತಿದ್ದ. ಒಳಗಿನವರು ಮಲಗಿರಲಿ, ಜಗಳವಾಡುತ್ತಿರಲಿ, ಅದೆಲ್ಲ ಅವನಿಗೆ ಲೆಕ್ಕಕ್ಕಿಲ್ಲ.

ಊರಾಚೆಯ ಹಳೆಯ ಉಗ್ರಾಣವನ್ನು ಅತಿಥಿಗೃಹ ಮಾಡಲು ಪಟ್ಟಣದಿಂದ ಡಿಸೈನರ್ ಮೇಡಂ ಬಂದಾಗ ಎಲ್ಲರೂ ಅವನನ್ನೇ ತೋರಿಸಿದರು. ಮೇಡಂ ಬಾಯಲ್ಲಿ ಒಂದೇ ಮಾತು: ಹಳೇದೂ ಇರಬೇಕು, ಹೊಸದೂ ಇರಬೇಕು. ಹೀಗಾಗಿ ಎ.ಸಿ. ಕಣಜದೊಳಗೆ ಹೋಗಿ ಕೂತಿತು. ಸ್ವಿಚ್ಚುಗಳ ಮೇಲೆ ಮೊರ ಮುಚ್ಚಿದ್ದರಿಂದ ದೀಪ ಹಾಕಬೇಕಾದವರು ಗೋಡೆಯ ಮೇಲಿನ ಆರು ಮೊರ ಎತ್ತಿ ನೋಡಬೇಕಿತ್ತು. ಹೊಚ್ಚ ಹೊಸ ಗೋಡೆಗೆ ಹೊಗೆ ಹಿಡಿದಂತೆ ಬಣ್ಣ ಬಳಿಸಿದರು. ಬಳಿದವನ ಹೆಂಡತಿ ಗೋಡೆ ಕಂಡು ಪಾಪ ಅನ್ನಿಸಿ ಅರ್ಧ ಗೋಡೆ ತೊಳೆದೇಬಿಟ್ಟಳು.

ಬಡಗಿ ಇದನ್ನೆಲ್ಲ ನಕ್ಕು ಸಹಿಸಿಕೊಂಡ. ಬಾಗಿಲಿನ ಸರದಿ ಬಂದಾಗ ನಗು ನಿಂತಿತು.

"ಕಾರ್ಡ್ ತೋರಿಸಿದ್ರೆ ಬೀಗ ತಾನಾಗೇ ತೆರ್ಕೋಬೇಕು. ಬಾಗಿಲು ತಳ್ಳಿದ್ರೆ ಕಿರ್ರ್ ಅನ್ಬೇಕು, ನಮ್ಮಜ್ಜಿ ಮನೆ ಬಾಗಿಲಿನ ಹಾಗೆ," ಎಂದರು ಮೇಡಂ.

"ನಿಮ್ಮಜ್ಜಿಗೆ ಕೆಟ್ಟ ಬಡಗಿ ಸಿಕ್ಕಿದ್ದ ಅಂತ ಕಾಣತ್ತೆ."

ಆದರೂ ಒಪ್ಪಿಕೊಂಡ ಕೆಲಸ ಬಿಡುವ ಆಸಾಮಿಯಲ್ಲ. ಹೊಸ ಬಾಗಿಲು ಮಾಡಿ ಕೀಲುಗಳಿಗೆ ಮರಳು ಹಾಕಿದ, ಉಪ್ಪುನೀರು ಕುಡಿಸಿದ, ಚೌಕಟ್ಟನ್ನು ಬೇಕೆಂದೇ ಓರೆ ಮಾಡಿದ. ಬಾಗಿಲು ತುಟಿಪಿಟಿಕ್ ಎನ್ನಲಿಲ್ಲ. ಸೋತದ್ದಕ್ಕೆ ಅವನಿಗೆ ಒಳಗೊಳಗೇ ಹಿಗ್ಗು.

"ತಪ್ಪು ಮಾಡೋಕೆ ನನ್ನ ಕೈಗೆ ಬರಲ್ಲ ಮೇಡಂ, ಏನ್ ಮಾಡ್ಲಿ?"

ಬೇರೆ ದಾರಿ ಕಾಣದೆ ಮೇಡಂ ಊರಿಗೆಲ್ಲ ಹೇಳಿ ಕಳಿಸಿದರು: ಕೂಗುವ ಬಾಗಿಲು ತನ್ನಿ, ಆರಿಸಿದ್ದಕ್ಕೆ ಬದಲಾಗಿ ಹೊಸ ಬಾಗಿಲು ಕೊಡುತ್ತೇವೆ. ಮರುದಿನ ಅಂಗಳದ ತುಂಬ ಬಾಗಿಲುಗಳು. ಒಂದು ಮನೆಯವರು ಬಚ್ಚಲಿನ ಬಾಗಿಲನ್ನೇ ಕಿತ್ತು ತಂದಿದ್ದರು. ಸ್ನಾನಕ್ಕಿಳಿದಿದ್ದ ತಾತ ಒಳಗೇ ಉಳಿದಿದ್ದಾರಂತೆ. ತನ್ನದು ಒಂದೂ ಇಲ್ಲವೆಂದು ಬಡಗಿ ಮೊದಲೇ ಕಣ್ಣಾಡಿಸಿ ನೋಡಿಕೊಂಡ. ಅವನು ಒಂದೊಂದನ್ನೇ ಚೌಕಟ್ಟಿಗೆ ಸಿಕ್ಕಿಸುವುದು, ಮೇಡಂ ಕಣ್ಣು ಮುಚ್ಚಿ ಕೇಳುವುದು.

"ಇದು ಗೊಗ್ಗರು. ಇದ್ರಲ್ಲಿ ದುಃಖ ಸಾಲದು."

ಪಕ್ಕದೂರಿನ ಬಡಗಿ ಮಾಡಿದ್ದ ಬಾಗಿಲು ಕತ್ತೆಯ ಹಾಗೆ ಅರಚಿದಾಗ ಮೌನಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಎಲ್ಲರಿಗಿಂತ ತಡವಾಗಿ ಮೇಷ್ಟರ ಮನೆಯ ಹೊಸ ಸೊಸೆ ಗಾಡಿಯಲ್ಲಿ ಒಂದು ಬಾಗಿಲು ಹೇರಿಕೊಂಡು ಬಂದಳು. ಆಳುಗಳು ಅದನ್ನು ಸಿಕ್ಕಿಸಿ ತಳ್ಳಿದ್ದೇ ತಡ, ಉದ್ದಕ್ಕೆ, ರಾಗವಾಗಿ, ಕಿರ್ರ್ರ್ ಎಂದಿತು. ಮೇಡಂ ಕಣ್ಣಲ್ಲಿ ನೀರು ಬಂತು.

"ಇದೇ! ಇದೇ ಬೇಕಾಗಿದ್ದಿದ್ದು!"

ಬಡಗಿಯ ಮುಖ ಬಿಳಿಚಿಕೊಂಡಿತು. ಆ ಹಲಗೆಯ ಒಂದೊಂದು ಗೆರೆಯೂ ಅವನಿಗೆ ಗೊತ್ತು. ತಾನು ಮದುವೆಯಾದ ವರ್ಷ ಮಾಡಿದ ಬಾಗಿಲು.

"ಇದು ಕೂಗಲ್ಲ ಕಣಮ್ಮ. ಹೋದ ಭಾನುವಾರ ತಾನೇ ತಳ್ಳಿ ನೋಡಿದ್ದೀನಿ."

"ಭಾನುವಾರ ಎಣ್ಣೆ ಹಾಕಿರ್ತೀವಲ್ಲ ದೊಡ್ಡಪ್ಪ," ಎಂದಳು ಸೊಸೆ, ಸಂಕೋಚವಿಲ್ಲದೆ. "ನೀವು ಬರ್ತೀರ ಅಂತ ಅತ್ತೆ ಬೆಳಿಗ್ಗೇನೇ ಹಾಕಿಸ್ತಾರೆ. ಇವತ್ತು ಚೆನ್ನಾಗಿ ಒರೆಸಿ ತಂದೆ."

ಹಿಂದೆಯೇ ಓಡಿಬಂದಿದ್ದ ಅತ್ತೆ ಅವಳ ಕಾಲು ತುಳಿದರು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಬಡಗಿ ಸುತ್ತ ನಿಂತವರ ಕಡೆ ತಿರುಗಿದ. "ಇನ್ನ್ಯಾರ ಮನೇಲಿ ಹಾಕ್ತೀರಿ? ಕೈ ಎತ್ತಿ."

ಅಂಗಡಿಯವನು ನೆಲ ನೋಡಿದ. ಶನಿವಾರ ಸಂಜೆ ಎಣ್ಣೆಗೆ ಅಷ್ಟು ನೂಕುನುಗ್ಗಲು ಯಾಕೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೊದಲು ದರ್ಜಿ ಕೈ ಎತ್ತಿದ. ಆಮೇಲೆ ಅಂಚೆಯವನು, ಆಮೇಲೆ ಬಡಗಿಯ ಸ್ವಂತ ತಂಗಿ. ನೋಡನೋಡುತ್ತಿದ್ದಂತೆ ಅಂಗಳದಲ್ಲಿ ಕೈಯೋ ಕೈ. ಕಡೆಗೆ, ಎಲ್ಲರ ಹಿಂದೆ ನಿಂತಿದ್ದ ಅವನ ಹೆಂಡತಿಯೂ ಮೆಲ್ಲಗೆ ಎತ್ತಿದಳು.

"ನೀನೂನಾ?"

"ಮರ ಹಳೇದಾದ್ಮೇಲೆ ಕೂಗತ್ತೆ ಕಣ್ರೀ. ನೀವು ಅಷ್ಟು ಖುಷಿಯಾಗಿ ಬರ್ತಿದ್ರಿ. ಹೇಳೋಕೆ ಯಾರಿಗೆ ಮನಸ್ಸು ಬರತ್ತೆ?"

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಚೌಕಟ್ಟು ಹಿಡಿದುಕೊಂಡು ನಿಂತ. ಇಷ್ಟು ಮನೆಗಳು, ಇಷ್ಟು ಭಾನುವಾರಗಳು. ತನ್ನ ಒಂದು "ಹ್ಞೂಂ"ಗೋಸ್ಕರ ಇಷ್ಟು ಜನ ನಿದ್ದೆಗಣ್ಣಲ್ಲಿ ಎದ್ದು ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು. ಊರು ತನ್ನನ್ನು ಇಷ್ಟು ಹಚ್ಚಿಕೊಂಡಿದೆಯೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ.

ಅಭ್ಯಾಸಬಲದಿಂದ ಅವನ ಕೈ ಚೀಲದಲ್ಲಿದ್ದ ಎಣ್ಣೆ ಡಬ್ಬಿಯ ಕಡೆ ಹೋಯಿತು. ಎರಡು ಹನಿ ಬಿಟ್ಟರೆ ಬಾಗಿಲಿನ ಬಾಯಿ ಮುಚ್ಚುತ್ತದೆ.

"ಅಯ್ಯೋ ಬೇಡ, ಬೇಡ! ಸದ್ದು ಹೋಗ್ಬಿಡತ್ತೆ!" ಎಂದು ಮೇಡಂ ಗಾಬರಿಯಿಂದ ಓಡಿಬಂದರು.

ಅವನು ಡಬ್ಬಿಯನ್ನು ಚೀಲದಲ್ಲೇ ಬಿಟ್ಟು ಬಾಗಿಲನ್ನು ಇನ್ನೊಮ್ಮೆ ತಳ್ಳಿದ. ಅದು ಕೂಗಿ ಮುಗಿಸುವವರೆಗೂ ಕೇಳಿದ.

"ಹೋಗಲ್ಲ ಬಿಡಿ ಮೇಡಂ," ಎಂದ ಕಣ್ಣೊರೆಸಿಕೊಂಡು. "ಮಾಡಿದ್ದು ನಾನು."