ನೆಲದ ಪಾಲು

ನಮ್ಮ ಅತ್ತಿಗೆಯ ಬಾಯಿ ದೊಡ್ಡದು. ಹೋಟೆಲಿನ ಅಡುಗೆಮನೆಯಲ್ಲಿ ಯಾರ ಕೈಯಿಂದ ಏನು ಜಾರಿ ಬಿದ್ದರೂ "ನೆಲದ ಪಾಲು!" ಎಂದು ಕೂಗುತ್ತಾರೆ. ಕೂಗಿದ ಕೂಡಲೇ ಎಲ್ಲರೂ ಕೈಲಿದ್ದ ಕೆಲಸ ನಿಲ್ಲಿಸಬೇಕು. ಬಿದ್ದದ್ದು ಕಸದ ಡಬ್ಬಿಗೆ, ನೆಲಕ್ಕೆ ಒರಸುಬಟ್ಟೆ, ಕೈಗೆ ಸೋಪು. ಬೀಳಿಸಿದವರಿಗೆ ಬೈಗುಳವಿಲ್ಲ, ಬಚ್ಚಿಟ್ಟವರ ಗ್ರಹಚಾರ ಮಾತ್ರ ಆ ದಿನ ನೆಟ್ಟಗಿರುವುದಿಲ್ಲ. ಮನೆಯಲ್ಲೂ ಇದೇ ಕಾನೂನು. ಅವರು ಬಾಯಿ ತೆರೆಯುವಷ್ಟರಲ್ಲಿ ಬಿದ್ದ ಬಾಳೆಹಣ್ಣಿನ ತುಂಡನ್ನು ಗುಳುಂ ಮಾಡುವುದರಲ್ಲಿ ನಮ್ಮಣ್ಣ ಪಳಗಿದ್ದಾನೆ.

ನಾನು ಅದೇ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವನು. "ಐದು ಸೆಕೆಂಡಿನೊಳಗೆ ಎತ್ತಿದ್ರೆ ಏನೂ ಆಗಲ್ಲ ಅತ್ತಿಗೆ" ಎಂದು ಒಮ್ಮೆ ವಾದಿಸಿದ್ದೆ. "ಕ್ರಿಮಿಗಳೇನು ನಿನ್ನ ಗಡಿಯಾರ ನೋಡ್ಕೊಂಡು ಹತ್ತುತ್ತವಾ?" ಎಂದರು. ನಾನು ಮತ್ತೆ ಈರುಳ್ಳಿಯ ಕಡೆ ತಿರುಗಿದೆ.

ಮುಖ್ಯ ಅಡುಗೆಯವರು ಕೆಲಸ ಬಿಟ್ಟಾಗ ಆ ಜಾಗಕ್ಕೆ ಅತ್ತಿಗೆ ಆಸೆಪಟ್ಟರು. ಹದಿನಾಲ್ಕು ವರ್ಷ ಅವರ ಕೈಕೆಳಗೆ ಬೆಂದವರು, ಆಸೆಪಡಬಾರದೇ? ಮಾಲೀಕರು ಮಾತ್ರ ಹೊರಗಿನವರನ್ನು ತರುವ ಯೋಚನೆಯಲ್ಲಿದ್ದರು. ಕೊನೆಗೆ, "ಬುಧವಾರ ಕಾರ್ಖಾನೆಯವರು ನಲವತ್ತು ಜನ ಊಟಕ್ಕೆ ಬರ್ತಾರೆ. ಅದು ಸರಿಹೋದ್ರೆ ಅಡುಗೆಮನೆ ನಿಮಗೇ" ಎಂದರು.

ಬುಧವಾರ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಸೋಪಿನ ಪುಡಿ ಸುರಿದು ನೆಲ ತಿಕ್ಕಿದ್ದೇ ತಿಕ್ಕಿದ್ದು. ಒಣಗಿಸುವುದನ್ನು ಮರೆತೆ. ಹನ್ನೆರಡೂವರೆಗೆ ಉಳಿದವರೆಲ್ಲ ಹೊರಗೆ ತಟ್ಟೆ ಜೋಡಿಸುತ್ತಿದ್ದರು. ಓವನ್‌ನಿಂದ ಹದವಾಗಿ ಬೆಂದ ಮಾಂಸದ ದೊಡ್ಡ ಟ್ರೇ ಹೊತ್ತು ತಿರುಗಿದ ಅತ್ತಿಗೆಯ ಕಾಲು ಜಾರಿತು. ಅವರೇನೋ ಕಟ್ಟೆ ಹಿಡಿದು ನಿಂತುಕೊಂಡರು; ಮಾಂಸವೆಲ್ಲ ನೆಲದ ಮೇಲೆ ಹರಡಿತು.

"ಅತ್ತಿಗೆ, ಈ ನೆಲ ನಮ್ಮ ತಟ್ಟೆಗಿಂತ ಚೊಕ್ಕಟವಾಗಿದೆ. ಬೇಗ ಎತ್ತಿಡೋಣ, ಯಾರಿಗೆ ಗೊತ್ತಾಗುತ್ತೆ?" ಎಂದೆ.

ಅವರು ಬಿದ್ದ ಮಾಂಸವನ್ನೊಮ್ಮೆ ನೋಡಿದರು. ಕಣ್ಣು ತುಂಬಿತ್ತು. ನನಗೆ ನನ್ನ ಮೇಲೇ ಸಿಟ್ಟು ಉಕ್ಕಿಬಂತು. ಮರುಗಳಿಗೆ ಅವರು "ನೆಲದ ಪಾಲು!" ಎಂದು ಕೂಗಿದ ಕೂಗಿಗೆ ಹೊರಗೆ ಊಟಕ್ಕೆ ಕೂತಿದ್ದ ನಲವತ್ತು ಜನವೂ ಬೆಚ್ಚಿಬಿದ್ದಿರಬೇಕು.

ಮಾಲೀಕರು ಓಡಿಬಂದು ಇಂಗು ತಿಂದ ಮಂಗನ ಹಾಗೆ ನಿಂತರು. "ಮೇಲ್ಮೇಲೆ ಕತ್ತರಿಸಿ ತೆಗೆದ್ರೆ ಆಗಲ್ವಾ?" ಎಂದು ಪಿಸುಗುಟ್ಟಿದರು.

"ನಿಮ್ಮ ಮಗಳ ತಟ್ಟೆಗೆ ಹಾಕ್ತೀರಾ ಸಾರ್? ಹಾಕ್ತೀನಿ ಅನ್ನಿ, ಬಡಿಸ್ತೀನಿ" ಎಂದರು ಅತ್ತಿಗೆ.

ಮಾಲೀಕರು ಬಂದವರನ್ನು ಸಮಾಧಾನಪಡಿಸಲು ಹೊರಗೆ ಹೋದರು. ಅತ್ತಿಗೆ ಕೈ ತೊಳೆದು ಎಂಬತ್ತು ಮೊಟ್ಟೆ ಬೇಯಲಿಟ್ಟರು. ನಾನು ಕಣ್ಣೊರಸಿಕೊಳ್ಳುತ್ತ ಈರುಳ್ಳಿ ಹೆಚ್ಚಿದೆ. ಅಷ್ಟೂ ನೀರು ಈರುಳ್ಳಿಯದಲ್ಲ. ಊಟ ಮುಕ್ಕಾಲು ಗಂಟೆ ತಡವಾಯಿತು. ಬಂದವರು ಮೊದಲು ಗೊಣಗಿದರು, ಆಮೇಲೆ ಮೊಟ್ಟೆ ಸಾರನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು.

ಅವರೆಲ್ಲ ಹೋದ ಮೇಲೆ ಮಾಲೀಕರ ತಾಯಿ ಒಳಗೆ ಬಂದರು. ಹೋಟೆಲು ಶುರುಮಾಡಿದ್ದೇ ಆ ಅಜ್ಜಿ. ಅವರ ಮಾತಿಗೆ ಮಗ ಎದುರಾಡುವುದಿಲ್ಲ. "ಮಾಂಸ ಏನಾಯ್ತು?" ಎಂದರು.

"ಓವನ್ ಕೆಟ್ಟಿತ್ತಮ್ಮ" ಎಂದರು ಮಾಲೀಕರು.

"ಇಲ್ಲಮ್ಮ, ನನ್ನ ಕೈಯಿಂದ ಬಿತ್ತು. ಎಸೆದೆ" ಎಂದರು ಅತ್ತಿಗೆ.

"ನೆಲ ಒದ್ದೆ ಬಿಟ್ಟಿದ್ದು ನಾನು" ಎಂದು ನಾನೂ ಬಾಯಿ ಹಾಕಿದೆ.

ಅಜ್ಜಿ ಮಗನನ್ನು ದುರುಗುಟ್ಟಿ ನೋಡಿದರು. ಆಮೇಲೆ ಸ್ಟೂಲೆಳೆದು ಕೂತರು. "ನನ್ನ ಕಾಲದಲ್ಲಿ ಬಿದ್ದಿದ್ದನ್ನ ತೊಳೆದು ಬಡಿಸ್ತಿದ್ವಿ. ಒಂದ್ಸಲ ಅಲ್ಲ, ಎಷ್ಟೋ ಸಲ. ಅದಕ್ಕೇ ಇಪ್ಪತ್ತು ವರ್ಷದಿಂದ ನಾನು ಇಲ್ಲಿ ಮಾಂಸ ಮುಟ್ಟಿಲ್ಲ."

"ಡಾಕ್ಟರು ಬೇಡ ಅಂದಿದಾರೆ ಅಂತಿದ್ಯಲ್ಲಮ್ಮ!"

"ಇನ್ನೇನು ಹೇಳ್ಲಿ? ನನ್ನ ಹೋಟೆಲಿನ ಊಟಕ್ಕೆ ನಾನೇ ಹೆದರ್ತೀನಿ ಅನ್ಲಾ?"

ಅತ್ತಿಗೆ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು. ಅಜ್ಜಿಯೂ ನಕ್ಕರು, ಕೊನೆಗೆ ಮಾಲೀಕರೂ. ಅಜ್ಜಿ ಎದ್ದು ಉಗ್ರಾಣದ ಬೀಗದ ಕೈಯನ್ನು ಅತ್ತಿಗೆಯ ಒದ್ದೆ ಅಂಗೈಯಲ್ಲಿಟ್ಟರು.

"ನಾಳೆ ಮಧ್ಯಾಹ್ನ ನನಗೂ ಮಾಂಸ ಬಡಿಸು" ಎಂದರು.