ಪರದೆಯ ಮೇಲಿನ ಸವತಿ

ಬೆಳಕು ಹರಿಯುವ ಹೊತ್ತು. ಕೊಪ್ಪಳದ ಹೊರಗೆ, ಕುಷ್ಟಗಿ ರಸ್ತೆಯ ಶೆಡ್ಡಿನಲ್ಲಿ ಶಿವಲಿಂಗಮ್ಮ ತ್ರೀಡಿ ಪ್ರಿಂಟರಿಗೆ ಕಿವಿಗೊಟ್ಟು ನಿಂತಿದ್ದಾರೆ. ಒಳಗೆ ಕರಗಿದ ನೈಲಾನು ಪದರದ ಮೇಲೆ ಪದರ ಕೂತು ಹಲ್ಲುಗಾಲಿಯಾಗುತ್ತಿದೆ. ಗಂಗಾವತಿಯ ಅಕ್ಕಿ ಗಿರಣಿಗಳ ಹಳೇ ಯಂತ್ರಗಳಿಗೆ ಅಂಗಡಿಯಲ್ಲಿ ಸಿಗದ ಗಾಲಿಗಳು ಇಲ್ಲಿ ಹುಟ್ಟುತ್ತವೆ. ದಿನಕ್ಕೆ ಏಳೆಂಟು.

ಪಕ್ಕದ ಕಂಪ್ಯೂಟರಿನಲ್ಲೂ ಅದೇ ಯಂತ್ರ, ಅದೇ ಗಾಲಿ. ನಿಜದ ಯಂತ್ರದ ಕಾವು, ನಡುಕ ಎಲ್ಲವನ್ನೂ ಆಗಿಂದಾಗಲೇ ತಿಳಿದುಕೊಂಡು, ಗಾಲಿ ಎಲ್ಲಿ ಬಾಗೀತೆಂದು ಮೊದಲೇ ಹೇಳಿ, ಕಾವನ್ನು ತಾನೇ ಏರಿಸಿ ಇಳಿಸುವ ಪ್ರತಿರೂಪ. ಎಂಜಿನಿಯರ್ ಐಶ್ವರ್ಯ ಅದನ್ನು ‘ಡಿಜಿಟಲ್ ಅವಳಿ’ ಎನ್ನುತ್ತಾರೆ. ಶಿವಲಿಂಗಮ್ಮ ಇಟ್ಟ ಹೆಸರೇ ಬೇರೆ.

“ಅವಳಿ ಅಲ್ರಿ, ಸವತಿ! ಮೊದ್ಲೆಲ್ಲಾ ನಮ್ಮ ಸಾವ್ಕಾರ್ರು ಬಂದ ಕೂಡ್ಲೆ ‘ಶಿವಲಿಂಗವ್ವ, ಮಷಿನ್ ಹೆಂಗೈತಿ’ ಅಂತಿದ್ರು. ಈಗ ಸೀದಾ ಆಕಿ ಮುಂದ ಹೋಗಿ ನಿಲ್ತಾರ. ನಾ ಏನ್ ಇಲ್ಲಿ ಕಂಬ ಅದೀನೇನು?”

ಹುಲಿಹೈದರದ ಕುರಿ ಕಾಯುವ ಮನೆಯ ಹೆಣ್ಣು. ಶೆಡ್ಡಿಗೆ ಕಸ ಹೊಡೆಯಲು ಬಂದವರು ನೋಡಿ ನೋಡಿಯೇ ಯಂತ್ರ ನಡೆಸಲು ಕಲಿತರು. ಎರಡೂ ಕೈಯಲ್ಲಿ ಬಿಸಿ ನಳಿಕೆ ಸುಟ್ಟ ಕಲೆಗಳಿವೆ. “ಆಕೀದೂ ಕೈ ತೋರಸ್ರಿ ನೋಡೋಣು. ಒಂದರ ಕಲಿ ಐತೇನು?”

ಹೋದ ಅಮಾವಾಸ್ಯೆಯಂದು ಶಿವಲಿಂಗಮ್ಮ ಯಂತ್ರಕ್ಕೆ ಕಾಯಿ ಒಡೆದು ಅದರ ಮೈತುಂಬ ವಿಭೂತಿ ಬಳಿದರು. ಕಂಪ್ಯೂಟರಿಗೆ ಬೇಕೆಂದೇ ಒಂದು ಹೂವೂ ಇಡಲಿಲ್ಲ. ಅಂದು ಪರದೆ ‘ಕಾವು ಸಾಲದು’ ಎನ್ನುತ್ತ ಕಾವು ಏರಿಸುತ್ತಲೇ ಹೋಯಿತು. ಗಿರಣಿಯವರು ಕಾದು ಕೂತಿದ್ದ ಗಾಲಿ ಹಪ್ಪಳದಂತೆ ಸೊಟ್ಟಗಾಯಿತು. ಮಾಲೀಕ ಅಂದಪ್ಪ ರೇಗಿದರು: “ತಗದ್ ಒಗೀರಿ ಈ ಅವಳಿ ಗಿವಳಿ! ಶಿವಲಿಂಗವ್ವ ಒಬ್ಬಾಕೀನ ಸಾಕು.”

ಶಿವಲಿಂಗಮ್ಮ ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಸುಮ್ಮನಿದ್ದರೆ ಸಾಕಿತ್ತು, ಸವತಿಯ ಕಾಟ ಮುಗಿಯುತ್ತಿತ್ತು. ಐಶ್ವರ್ಯ ತುಟಿ ಕಚ್ಚಿಕೊಂಡು ವೈರು ಬಿಚ್ಚುತ್ತಿದ್ದರು. ಆಗ ಶಿವಲಿಂಗಮ್ಮನ ಕಣ್ಣು ಯಂತ್ರದ ಕಾವು ಅಳೆದು ಕಂಪ್ಯೂಟರಿಗೆ ಕಳಿಸುವ ಕ್ಯಾಮರಾದ ಮೇಲೆ ಬಿತ್ತು. ಅದರ ಗಾಜಿನ ಮೇಲೆ ತಮ್ಮದೇ ಮೂರು ಬೆರಳಿನ ವಿಭೂತಿ.

“ತಡೀರಿ ಸಾವ್ಕಾರ್ರ, ಆಕೀದು ತಪ್ಪಿಲ್ಲ. ಆಕಿ ಕಣ್ಣಿಗೆ ಬೂದಿ ಬಡದಾಕಿ ನಾನು.”

ಐಶ್ವರ್ಯ ವೈರು ಕೈಬಿಟ್ಟು ನಕ್ಕರು: “ಯಕ್ಕಾ, ನೀವು ಪೂಜಿ ಮಾಡಿದ್ರೋ, ಮಾಟ ಮಾಡಿದ್ರೋ?”

ಅವಳಿ ಉಳಿಯಿತು. ಈಗ ಅಂದಪ್ಪ ಮೊದಲು ಯಾರ ಹತ್ತಿರ ಹೋಗುತ್ತಾರೆ ಎಂದು ಕೇಳಿದರೆ ಶಿವಲಿಂಗಮ್ಮನ ಮುಖ ಬಿಗಿಯುತ್ತದೆ.

“ಆಕಿ ಹಂತೇಕನ ಹೋಗ್ತಾರ್ರಿ. ಹೊಟ್ಟಿ ಉರಿತೈತಿ, ಸುಳ್ಳ್ ಯಾಕ ಹೇಳ್ಲಿ? ಆದ್ರ ದಿನಾ ಆಕಿ ಕಣ್ಣ ಒರಸೂ ಕೆಲಸ ನಂದು. ಮೊನ್ನಿ ಐಶ್ವರ್ಯ ಮೇಡಮ್ಮಾರು ಒರಸಾಕ ಅರಿವಿ ಹಿಡಕೊಂಡ ಬಂದ್ರು, ಮುಟ್ಟಗೊಡಲಿಲ್ಲ. ಸವತಿ ಆದ್ರೂ ನನ್ನ ಸವತಿರಿ ಆಕಿ.”